ಆಯಿಯ ಟ್ರಂಕಿನ ಬಿಳಿ ಬಳೆ: ಆನೆಯದೋ, ಎಲುಬಿನದೋ, ಪ್ಲಾಸ್ಟಿಕ್ಕಿನದೋ?

ಮುದ್ದೇಬಿಹಾಳ ತಾಲ್ಲೂಕಿನ ತಾಂಡಾವೊಂದಕ್ಕೆ ಕುಡಿಯುವ ನೀರಿನ ಸುದ್ದಿಗೆಂದು ಹೋಗಿದ್ದೆವು. ಬರೆದುಕೊಂಡು ಏಳುವಾಗ ಆ ಮನೆಯ ಆಯಿ ಟ್ರಂಕಿನಿಂದ ಬಟ್ಟೆಗಂಟೊಂದನ್ನು ತಂದು ನಮ್ಮ ಮುಂದೆ ಬಿಚ್ಚಿದರು. ಒಳಗೆ ಹಳದಿಗಟ್ಟಿದ ಹನ್ನೊಂದು ಅಗಲ ಬಳೆಗಳು.

"ಇವು ಆನೀ ಹಲ್ಲಿನವು ಅಂತ ನಮ್ಮತ್ತಿ ಹೇಳತಿದ್ಲು. ಮೊಮ್ಮಗ ಪ್ಲಾಸ್ಟಿಕ್ ಅಂತಾನ. ನೀವು ಓದಿದವ್ರು, ನೋಡಿ ಹೇಳ್ರಿ."

ಹಳೆ ಸಾಮಾನು ಕೊಳ್ಳುವವನೊಬ್ಬ ಬಂದು ಒಳ್ಳೆ ರೇಟು ಹೇಳಿ ಹೋಗಿದ್ದನಂತೆ, ಮುಂದಿನ ವಾರ ಮತ್ತೆ ಬರುತ್ತಾನಂತೆ. ನೀರಿನ ಸುದ್ದಿ ಬರೆಯಲು ಬಂದ ನಮಗೆ ದಂತದ ಬಗ್ಗೆ ಏನೂ ಗೊತ್ತಿರಲಿಲ್ಲ. ಒಂದು ವಾರ ಟೈಮ್ ಕೇಳಿ ಬಂದೆವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ಕಡೆ ಹೋದರೂ ತಾಂಡಾಗಳಿವೆ. ಕಾಡಾನೆ ಮಾತ್ರ ಎಲ್ಲೂ ಇಲ್ಲ. ಆದಿಲ್‌ಶಾಹಿ ಕಾಲದಲ್ಲಿ ಸುಲ್ತಾನರ ಲಾಯದಲ್ಲಿ ಆನೆಗಳಿದ್ದವು. ಎರಡನೇ ಇಬ್ರಾಹಿಂನ ಮೆಚ್ಚಿನ ಆನೆ ಆತಶ್ ಖಾನನ ಚಿತ್ರ ಇವತ್ತಿಗೂ ಇದೆ. ಆದರೆ ಲಂಬಾಣಿ ಹೆಂಗಸರ ತೋಳಿಗೆ ದಂತ ಬಂದದ್ದಕ್ಕೂ ಆ ಲಾಯಕ್ಕೂ ಸಂಬಂಧ ಹುಡುಕಬೇಕಾಗಿಲ್ಲ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖನ್ನಿನ ಸೈನ್ಯಗಳಿಗೆ ಒದಗಿಸುತ್ತ ಉತ್ತರ ದಕ್ಷಿಣ ತಿರುಗಿದ ಜನ ಇವರು. ದಂತದ ಬಳೆಯ ರೂಢಿ ರಾಜಸ್ಥಾನ, ಗುಜರಾತಿನ ಕಡೆ ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಆ ಬಳೆಗಳಿಗೆ ಬೇಕಾದ ಮಾಲು ಹೆಚ್ಚಾಗಿ ಬರುತ್ತಿದ್ದುದು ಪೂರ್ವ ಆಫ್ರಿಕಾದಿಂದ, ಜಾಂಜಿಬಾರ್ ದಾಟಿ, ಮುಂಬಯಿ ಬಂದರಿಗೆ. ಆಫ್ರಿಕದ ಆನೆಯ ದಂತ ದಪ್ಪ, ಅದನ್ನು ಅಡ್ಡ ಕೊಯ್ದರೆ ತೋಳಿಗಾಗುವಷ್ಟು ಅಗಲದ ಉಂಗುರ ಸಿಗುತ್ತಿತ್ತು. ನಮ್ಮ ಆಯಿಯ ಗಂಟಿನಲ್ಲಿ ನಿಜದ ದಂತ ಇದ್ದರೂ ಅದು ಕರ್ನಾಟಕದ ಕಾಡಿನದಾಗಿರದೆ ಸಮುದ್ರ ದಾಟಿ ಬಂದದ್ದಾಗಿರಬಹುದು.

ತೋಳಿನ ಬಳೆಗೆ ಲಂಬಾಣಿಯಲ್ಲಿ ಬಲಿಯಾ ಅನ್ನುತ್ತಾರೆ. ಮೊಣಕೈ ಮೇಲಿನವು ಮುತ್ತೈದೆತನದ ಗುರುತು, ಗಂಡ ತೀರಿಕೊಂಡರೆ ತೆಗೆಯುತ್ತಾರೆ. ಇವು ತೋಳು ಬಿಟ್ಟು ಟ್ರಂಕು ಸೇರಿದ್ದು ಏಕೆಂದು ನಾವು ಕೇಳಲಿಲ್ಲ. ದಂತ ತುಟ್ಟಿಯಾದಂತೆ ಎಲುಬು, ಕೋಡು ಬಂದವು, ಆಮೇಲೆ ಪ್ಲಾಸ್ಟಿಕ್. ರೂಢಿ ಹಾಗೇ ಉಳಿಯಿತು, ಬದಲಾದದ್ದು ಮಾಲು. ಇದನ್ನು 'ನಕಲಿ' ಅನ್ನುವುದು ನಮಗೆ ಸರಿಕಾಣುವುದಿಲ್ಲ. ಸಂತೆಯಲ್ಲಿ ಪ್ಲಾಸ್ಟಿಕ್ ಬಳೆ ಕೊಂಡವಳು ಯಾರಿಗೂ ಮೋಸ ಮಾಡಿಲ್ಲ.

ಈ ಪ್ಲಾಸ್ಟಿಕ್ಕಿನ ಹುಟ್ಟಿನ ಹಿಂದೆಯೂ ಆನೆಯೇ ಇದೆ. ಬಿಲಿಯರ್ಡ್ಸ್ ಚೆಂಡು ಮಾಡುತ್ತಿದ್ದುದು ದಂತದಿಂದ. ಆಟದ ಕೋಲಿನ ತುದಿಯ ಬಿಳಿ ಉಂಗುರ, ಹಿಡಿಕೆಯ ಕೆತ್ತನೆಗಳಿಗೂ ಅದೇ. ದಂತ ಸಾಲದೆ ಹೋದಾಗ, 1863ರಲ್ಲಿ ನ್ಯೂಯಾರ್ಕಿನ ಒಂದು ಕಂಪನಿ ಬದಲಿ ಮಾಲು ಕಂಡುಹಿಡಿದವರಿಗೆ ಹತ್ತು ಸಾವಿರ ಡಾಲರ್ ಬಹುಮಾನ ಎಂದು ಸಾರಿತು. ಜಾನ್ ವೆಸ್ಲಿ ಹಯಾಟ್ ಎಂಬಾತ ಆ ಬೆನ್ನು ಹತ್ತಿ 1870ರ ಹೊತ್ತಿಗೆ ಸೆಲ್ಯುಲಾಯ್ಡ್ ತಯಾರಿಸಿದ. ದಂತದ ಗೆರೆಗಳನ್ನೂ ಅನುಕರಿಸಿದ ಸೆಲ್ಯುಲಾಯ್ಡ್ ಮುಂದೆ ಬಾಚಣಿಗೆ, ಬಳೆಗಳಾಗಿ ಜಗತ್ತು ಸುತ್ತಿತು. ಶ್ರೀಮಂತರ ಆಟದ ಕೋಲನ್ನು ಪರೀಕ್ಷಿಸುವ ಕ್ರಮವೇ ತಾಂಡಾದ ಬಳೆಗೂ ಸಲ್ಲುತ್ತದೆ.

ಮುಂದಿನ ವಾರ ಭೂತಗನ್ನಡಿ ಹಿಡಿದು ಹೋದೆವು. ದಂತ ಅಂದರೆ ಹಲ್ಲು, ಆಯಿಯ ಅತ್ತೆ ಹೇಳಿದ್ದು ಸರಿಯೇ. ಅಡ್ಡ ಕೊಯ್ದ ಮೈಯಲ್ಲಿ ಎರಡು ದಿಕ್ಕಿನ ಬಾಗು ಗೆರೆಗಳು ಒಂದನ್ನೊಂದು ದಾಟಿ ಜರಡಿಯ ಹೆಣಿಗೆಯಂತೆ ಕಾಣುತ್ತವೆ. ಇವಕ್ಕೆ ಶ್ರೇಗರ್ ಗೆರೆ ಎಂದು ಹೆಸರು. ಬಳೆ ಅಂದರೆ ದಂತದ ಅಡ್ಡ ತುಂಡೇ ಆದ್ದರಿಂದ ಹೊರಮೈ ನೋಡಬಾರದು, ಬಳೆಯ ಅಂಚಿನ ಚಪ್ಪಟೆ ಮೈ ನೋಡಬೇಕು. ಹೊರಮೈಯಲ್ಲಿ ಕಟ್ಟಿಗೆಯ ಎಳೆಯಂತೆ ಉದ್ದ ಗೆರೆ ಮಾತ್ರ ಕಾಣುತ್ತದೆ, ಸೆಲ್ಯುಲಾಯ್ಡ್ ಮೋಸ ಮಾಡುವುದೂ ಅಲ್ಲೇ. ಅದರ ಗೆರೆಗಳು ರೂಲು ಹಾಕಿದಂತೆ ಒಂದೇ ಸಮ ಇರುತ್ತವೆ, ಹೆಣಿಗೆ ಇರುವುದಿಲ್ಲ. ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರಬಹುದು, ಸೆಲ್ಯುಲಾಯ್ಡ್‌ಗೆ ಕರ್ಪೂರ ಸೇರಿಸುತ್ತಾರೆ. ಎಲುಬಿನಲ್ಲಿ ರಕ್ತನಾಳ ಹಾಯ್ದ ಸಣ್ಣ ರಂಧ್ರಗಳಿರುತ್ತವೆ. ಅವುಗಳಲ್ಲಿ ಮಣ್ಣು, ಎಣ್ಣೆಜಿಡ್ಡು ಕೂತು ಕರಿ ಚುಕ್ಕೆಗಳಾಗುತ್ತವೆ. ದನದ ಕಾಲೆಲುಬು ತೋಳಿನಷ್ಟು ಅಗಲ ಇರುವುದಿಲ್ಲ, ಹಾಗಾಗಿ ಅದರಿಂದ ತೋಳಬಳೆ ಮಾಡಬೇಕಾದರೆ ತುಂಡು ಜೋಡಿಸಬೇಕು. ಆ ಬೆಸುಗೆಯನ್ನೂ ಹುಡುಕಬೇಕು.

ಅಂಗಡಿಯಲ್ಲಿ ಖೋಟಾ ನೋಟು ನೋಡುವ ನೀಲಿ ದೀಪವನ್ನೂ ಕಡ ತಂದಿದ್ದೆವು. ಕತ್ತಲಲ್ಲಿ ಹಿಡಿದರೆ ದಂತ, ಎಲುಬು ಎರಡೂ ನೀಲಿಬಿಳುಪಾಗಿ ಹೊಳೆಯುತ್ತವೆ, ಬಹಳಷ್ಟು ಪ್ಲಾಸ್ಟಿಕ್ ಮಂಕಾಗುತ್ತದೆ. ಪ್ಲಾಸ್ಟಿಕ್ ಬೇರೆ ಮಾಡಲು ಇದು ಅನುಕೂಲ, ದಂತ ಮತ್ತು ಎಲುಬಿನ ನಡುವೆ ತೀರ್ಪು ಕೊಡಲು ಅಲ್ಲ. ವ್ಯಾಪಾರಿಗಳು ಮಾಡುವ ಕಾದ ಸೂಜಿಯ ಪರೀಕ್ಷೆ ಮಾತ್ರ ಬೇಡ. ಅದು ಬಳೆಯನ್ನು ಕೆಡಿಸುತ್ತದೆ, ದಂತಕ್ಕೂ ಎಲುಬಿಗೂ ವ್ಯತ್ಯಾಸ ಹೇಳುವುದಿಲ್ಲ, ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹನ್ನೊಂದರಲ್ಲಿ ಒಂಬತ್ತು ಪ್ಲಾಸ್ಟಿಕ್, ಅಚ್ಚಿನ ಗೆರೆ ಬರಿಗಣ್ಣಿಗೇ ಕಂಡಿತು. ಒಂದು ಎಲುಬಿನದು, ಮೂರು ಕಡೆ ಬೆಸುಗೆ. ಹನ್ನೊಂದನೆಯದರ ಅಂಚಿನಲ್ಲಿ ಜರಡಿಯ ಹೆಣಿಗೆ ಇತ್ತು. ಮೊಮ್ಮಗ ಭೂತಗನ್ನಡಿ ಕಸಿದುಕೊಂಡು ಮೂರು ಸಲ ನೋಡಿದ.

ಭೂತಗನ್ನಡಿಯ ಕೆಲಸ ಅಲ್ಲಿಗೆ ಮುಗಿದು ಕಾನೂನಿನದು ಶುರುವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು. ಆಮದು ಮಾಡಿದ ಆಫ್ರಿಕದ ದಂತವನ್ನು 1991ರಲ್ಲಿ ಸೇರಿಸಿದರು. ಅಳಿದುಹೋದ ಮ್ಯಾಮತ್‌ನ ದಂತಕ್ಕೆ ಇದು ಅನ್ವಯಿಸದು ಎಂದು ವ್ಯಾಪಾರಿಗಳು ವಾದಿಸಿದರು. 2003ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಣ್ಣಿಗೆ ಎರಡೂ ಒಂದೇ, ವಿನಾಯಿತಿ ಕೊಟ್ಟರೆ ಆನೆಯ ದಂತವೂ ಅದೇ ಹೆಸರಲ್ಲಿ ಸಾಗುತ್ತದೆ. ಹೊರಅಂಚಿನ ಶ್ರೇಗರ್ ಗೆರೆಗಳು ದಾಟುವ ಕೋನ ಅಳೆದು ಬೇರೆ ಮಾಡಬಹುದು, ಮ್ಯಾಮತ್‌ನದು 90 ಡಿಗ್ರಿಗಿಂತ ಕಡಿಮೆ, ಆನೆಯದು 115ಕ್ಕಿಂತ ಹೆಚ್ಚು. ಆದರೆ ಅದು ಪ್ರಯೋಗಾಲಯದ ಕೆಲಸ, ಚೆಕ್‌ಪೋಸ್ಟಿನದಲ್ಲ.

ಅದೇ 2003ರಲ್ಲಿ, ಮನೆಯಲ್ಲಿ ಇಂಥವಿದ್ದರೆ 180 ದಿನದೊಳಗೆ ಘೋಷಿಸಿಕೊಳ್ಳಿ ಎಂದು ಸರ್ಕಾರ ಅವಕಾಶ ಕೊಟ್ಟಿತ್ತು. ಆ ತಾಂಡಾದಲ್ಲಿ ನಾವು ಕೇಳಿದ ಯಾರಿಗೂ ಆ ಸುದ್ದಿ ಗೊತ್ತಿರಲಿಲ್ಲ. ಆನುವಂಶಿಕವಾಗಿ ಬಂದರೂ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಮಾರಿ ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. ಇಷ್ಟು ಹೇಳಿದ ಮೇಲೆ ಮೊಮ್ಮಗನ ಮುಖದ ಉತ್ಸಾಹ ಇಳಿಯಿತು.

ಆಯಿ ಮಾತ್ರ ಹೆದರಲಿಲ್ಲ. "ಮಾರಾಕ ನಾ ಎಂದ ಹೇಳಿದ್ದೆ? ಯಾವುದ ಆನೀದು ಅಂತ ತಿಳಕೊಳ್ಳಾಕ ಕೇಳಿದ್ದೆ" ಅಂದರು. ಹಳೆ ಸಾಮಾನಿನವನಿಗೆ ಬರಬೇಡವೆಂದು ಫೋನು ಹೋಯಿತು. ವಕೀಲರೊಬ್ಬರನ್ನು ಕೇಳಿ ಅರಣ್ಯ ಇಲಾಖೆಗೆ ಅರ್ಜಿ ಬರೆಯಲು ಕೂತೆವು. ವಸ್ತು ನಿಮಗೆ ಹೇಗೆ ಬಂತು ಎಂಬಲ್ಲಿ ಏನು ಬರೆಯಲಿ ಎಂದು ಮೊಮ್ಮಗ ಕೇಳಿದ.

"ನಮ್ಮತ್ತಿ ತೋಳಿಂದ ಅಂತ ಬರಿ" ಅಂದರು ಆಯಿ.