ಜೂನ್ 25
ಗ್ರೆಗೋರಿಯನ್ ಪಂಚಾಂಗದಲ್ಲಿ ವರ್ಷದ 176ನೆಯ ದಿನ. ಅಧಿಕ ವರ್ಷದಲ್ಲಿ 177ನೆಯದು. ಭಾರತೀಯ ಕ್ರಿಕೆಟ್ಟಿಗೂ ಲಾರ್ಡ್ಸ್ ಮೈದಾನಕ್ಕೂ ಈ ದಿನ ಎರಡು ಬಾರಿ ನಂಟು ಬೆಸೆದಿದೆ. 1932ರಲ್ಲಿ ಸಿ.ಕೆ. ನಾಯ್ಡು ನಾಯಕತ್ವದ ತಂಡ ದೇಶದ ಮೊದಲ ಟೆಸ್ಟ್ ಪಂದ್ಯವನ್ನು ಅಲ್ಲಿ ಆರಂಭಿಸಿತು. 1983ರ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಗಳಿಸಿದ್ದು ಬರೀ 183. ಆದರೂ ವೆಸ್ಟ್ ಇಂಡೀಸ್ 140ಕ್ಕೆ ಕುಸಿಯಿತು. ಆ ಟೂರ್ನಿಯಲ್ಲಿ ಅತಿ ಹೆಚ್ಚು, ಅಂದರೆ 18 ವಿಕೆಟ್ ಕಿತ್ತವರು ಬೆಂಗಳೂರಿನ ರೋಜರ್ ಬಿನ್ನಿ. ನಾಯಕ ಕಪಿಲ್ ದೇವ್ ಹೆಸರಿನ ಅಬ್ಬರದಲ್ಲಿ ಈ ಸಂಗತಿ ಅನೇಕರಿಗೆ ಮರೆತೇಹೋಗಿದೆ.

1975ರ ಇದೇ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದರು. ಬೆಂಗಳೂರಿನಲ್ಲಿದ್ದ ವಿರೋಧ ಪಕ್ಷದ ನಾಯಕರಾದ ವಾಜಪೇಯಿ, ಅಡ್ವಾಣಿ ಮರುದಿನ ಅಲ್ಲೇ ಬಂಧನಕ್ಕೊಳಗಾದರು.

ಜನನ: ಲೇಖಕ ಜಾರ್ಜ್ ಆರ್ವೆಲ್ (1903, ಬಿಹಾರದ ಮೋತಿಹಾರಿ), ಮಾಜಿ ಪ್ರಧಾನಿ ವಿ.ಪಿ. ಸಿಂಗ್ (1931).