ಮರುನೋಟದ ಚರಿತ್ರೆ: ಹಾಲಿವುಡ್‌ನ ಹಳೆಯ ಚಿತ್ರಗಳೂ ಅವುಗಳ ರಸಿಕರೂ

ಹಾಲಿವುಡ್‌ನ ‘ಕ್ಲಾಸಿಕ್’ ಚಿತ್ರಗಳೆಂದು ಇಂದು ಹೆಸರಾಗಿರುವುದು ಹೆಚ್ಚುಕಡಿಮೆ 1910ರ ದಶಕದ ಕೊನೆಯಿಂದ 1960ರ ದಶಕದ ಆರಂಭದವರೆಗೆ ಅಮೆರಿಕದ ದೊಡ್ಡ ಸ್ಟುಡಿಯೊಗಳಲ್ಲಿ ತಯಾರಾದ ಚಿತ್ರಗಳು. ತಯಾರಾದಾಗ ಅವಕ್ಕೆ ಅಂಥ ಪಟ್ಟವೇನೂ ಇರಲಿಲ್ಲ. ಒಂದು ಚಿತ್ರ ಕೆಲವು ವಾರ ಓಡಿ, ದುಡ್ಡು ತಂದು, ಮುಂದಿನದಕ್ಕೆ ಜಾಗ ಬಿಟ್ಟುಕೊಟ್ಟರೆ ಅದರ ಆಯುಷ್ಯ ಮುಗಿಯಿತೆಂದೇ ಸ್ಟುಡಿಯೊಗಳ ಲೆಕ್ಕ. ಹಳೆಯ ಚಿತ್ರವನ್ನು ಹುಡುಕಿಕೊಂಡು ಹೋಗಿ ನೋಡುವುದು, ನೋಡಿದ್ದರ ಬಗ್ಗೆ ಬರೆಯುವುದು, ಒಂದನ್ನು ಇನ್ನೊಂದರ ಜೊತೆಗಿಟ್ಟು ತೂಗುವುದು ಆಮೇಲೆ ಬೆಳೆದ ಹವ್ಯಾಸ. ಯಾವ ಚಿತ್ರ ಉಳಿಯತಕ್ಕದ್ದು, ಯಾವುದು ದೊಡ್ಡದು ಎಂಬ ತೀರ್ಮಾನ ಬಹುಮಟ್ಟಿಗೆ ಆದದ್ದು ಈ ಹವ್ಯಾಸದಿಂದಲೇ.

ಅಭಿಮಾನಿಗಳಿಗೆಂದೇ ಪತ್ರಿಕೆಗಳು ಹುಟ್ಟಿದ್ದು 1911ರಲ್ಲಿ. ಆ ವರ್ಷ ‘ಮೋಷನ್ ಪಿಕ್ಚರ್ ಸ್ಟೋರಿ ಮ್ಯಾಗಜೀನ್’ ಹೊರಬಂತು. ಷಿಕಾಗೊದಿಂದ ‘ಫೋಟೊಪ್ಲೇ’ ಶುರುವಾಯಿತು. ಮೊದಮೊದಲು ಇವು ಚಿತ್ರದ ಕತೆಯನ್ನೇ ಸಣ್ಣಕತೆಯಂತೆ ಬರೆದು ಅಚ್ಚು ಹಾಕುತ್ತಿದ್ದವು. ಬರಬರುತ್ತ ತಾರೆಯರ ಸಂದರ್ಶನ, ಭಾವಚಿತ್ರ, ಓದುಗರ ಪತ್ರ, ವಿಮರ್ಶೆಗಳು ಸೇರಿಕೊಂಡವು. ‘ಫೋಟೊಪ್ಲೇ’ ತನ್ನ ಓದುಗರ ಮತದಿಂದ ವರ್ಷದ ಚಿತ್ರವನ್ನು ಆರಿಸಿ ಪದಕ ಕೊಡುವ ಪದ್ಧತಿ ತಂದಿತು. ಮೊದಲ ಪದಕ 1920ರ ‘ಹ್ಯೂಮರೆಸ್ಕ್’ ಚಿತ್ರಕ್ಕೆ ಸಂದಿತು. ಆಸ್ಕರ್ ಪ್ರಶಸ್ತಿ ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ದಿನಪತ್ರಿಕೆಗಳಲ್ಲೂ ಸಿನಿಮಾ ವಿಮರ್ಶೆ ನಿತ್ಯದ ಅಂಕಣವಾಯಿತು. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ 1920ರ ದಶಕದಲ್ಲಿ ‘ಷಿಕಾಗೊ ಡೈಲಿ ನ್ಯೂಸ್’ಗೆ ಚಿತ್ರವಿಮರ್ಶೆ ಬರೆಯುತ್ತಿದ್ದ. ಚಿತ್ರಕ್ಕೆ ನಕ್ಷತ್ರ ಕೊಟ್ಟು ಅಳೆಯುವ ರೂಢಿಗೆ 1928ರಲ್ಲಿ ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯ ಐರೀನ್ ಥೈರರ್ ನಾಂದಿ ಹಾಡಿದಳು.

ಈ ಬರವಣಿಗೆಯೆಲ್ಲ ಹೊಸ ಚಿತ್ರಗಳನ್ನು ಕುರಿತದ್ದು. ಹಳೆಯದನ್ನು ನೋಡಬೇಕೆಂದರೆ ಪ್ರತಿಯೇ ಸಿಗುತ್ತಿರಲಿಲ್ಲ. ಆಗಿನ ಫಿಲಂ ನೈಟ್ರೇಟ್‌ನದು. ಬೇಗ ಹೊತ್ತಿಕೊಳ್ಳುವಂಥದ್ದು, ಇಟ್ಟಲ್ಲಿಯೇ ಕೊಳೆಯುವಂಥದ್ದು. ವಾಕ್ಚಿತ್ರ ಬಂದ ಮೇಲೆ ಮೂಕಿಚಿತ್ರಗಳನ್ನು ಕೇಳುವವರಿರಲಿಲ್ಲ. ಎಷ್ಟೋ ರೀಲುಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. 1937ರ ಜುಲೈಯಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅದರ ಮೂಕಿಚಿತ್ರಗಳ ಬಹುಪಾಲು ಸುಟ್ಟುಹೋಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗೆ ತಯಾರಾದ ಸುಮಾರು 11,000 ಪೂರ್ಣಾವಧಿ ಮೂಕಿಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ.

ಉಳಿಸುವ ಕೆಲಸ ಮೊದಲಾದದ್ದು ಸ್ಟುಡಿಯೊಗಳ ಹೊರಗೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1935ರಲ್ಲಿ ಚಿತ್ರ ಸಂಗ್ರಹಾಲಯವನ್ನು ತೆರೆಯಿತು. ಅದರ ಮೇಲ್ವಿಚಾರಕಿ ಐರಿಸ್ ಬ್ಯಾರಿ ಅದಕ್ಕೂ ಮೊದಲು ಲಂಡನ್ನಿನಲ್ಲಿ ಚಿತ್ರವಿಮರ್ಶಕಿಯಾಗಿದ್ದವಳು. ಹಾಲಿವುಡ್‌ಗೆ ಹೋಗಿ, ಸಿನಿಮಾ ಮಂದಿಯ ಮನವೊಲಿಸಿ ಆಕೆ ಚಿತ್ರಗಳನ್ನು ಕೂಡಿಹಾಕಿದಳು. ಅವನ್ನು ಕಾಲೇಜುಗಳಿಗೂ ಚಿತ್ರಸಮಾಜಗಳಿಗೂ ಬಾಡಿಗೆಗೆ ಕಳಿಸುವ ಏರ್ಪಾಟಾಯಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಹೆನ್ರಿ ಲಾಂಗ್ಲ್ವಾ ಮತ್ತು ಗೆಳೆಯರು ‘ಸಿನೆಮತೇಕ್’ ಕಟ್ಟಿದರು. ಕೈಗೆ ಸಿಕ್ಕಿದ ಪ್ರತಿಯನ್ನೆಲ್ಲ ಕಾಪಿಡಬೇಕು, ಕಾಪಿಟ್ಟದ್ದನ್ನು ತೋರಿಸಬೇಕು ಎಂಬುದು ಲಾಂಗ್ಲ್ವಾನ ಪಟ್ಟು.

ಹಳೆಯದರ ಬಗ್ಗೆ ಬರೆದು ಜನರ ಕಣ್ಣನ್ನು ಅದರತ್ತ ತಿರುಗಿಸಬಹುದೆಂದು ತೋರಿಸಿಕೊಟ್ಟವರಲ್ಲಿ ಜೇಮ್ಸ್ ಏಜಿ ಮುಖ್ಯ. 1940ರ ದಶಕದಲ್ಲಿ ‘ಟೈಮ್’ ಮತ್ತು ‘ದಿ ನೇಷನ್’ ಪತ್ರಿಕೆಗಳ ವಿಮರ್ಶಕನಾಗಿದ್ದ ಏಜಿ, 1949ರ ಸೆಪ್ಟೆಂಬರಿನಲ್ಲಿ ‘ಲೈಫ್’ ಪತ್ರಿಕೆಗೆ ಮೂಕಿ ಹಾಸ್ಯಚಿತ್ರಗಳನ್ನು ಕುರಿತು ದೀರ್ಘ ಲೇಖನ ಬರೆದ. ಚಾಪ್ಲಿನ್, ಹೆರಾಲ್ಡ್ ಲಾಯ್ಡ್, ಹ್ಯಾರಿ ಲ್ಯಾಂಗ್‌ಡನ್, ಬಸ್ಟರ್ ಕೀಟನ್ ಈ ನಾಲ್ವರ ನಡಿಗೆ, ಬೀಳುವ ರೀತಿ, ಮುಖಭಾವಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ ಬರಹ ಅದು. ಆ ಹೊತ್ತಿಗೆ ಕೀಟನ್ ಸ್ಟುಡಿಯೊಗಳಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. ಆತನ ಚಿತ್ರಗಳನ್ನು ಜನ ಮತ್ತೆ ಹುಡುಕತೊಡಗಿದ್ದಕ್ಕೆ ಈ ಲೇಖನವೂ ಒಂದು ಕಾರಣ.

ಹಾಲಿವುಡ್‌ನ ಬಗ್ಗೆ ಗಂಭೀರ ವಿಚಾರ ಹುಟ್ಟಿದ್ದು ಫ್ರಾನ್ಸಿನಲ್ಲಿ, ಅದೂ ಯುದ್ಧದ ದೆಸೆಯಿಂದ. ಜರ್ಮನಿಯ ಆಳ್ವಿಕೆಯಲ್ಲಿ ಅಮೆರಿಕದ ಚಿತ್ರಗಳು ಅಲ್ಲಿ ನಿಷಿದ್ಧವಾಗಿದ್ದವು. 1946ರಲ್ಲಿ ಬಾಗಿಲು ತೆರೆದಾಗ ಹಲವು ವರ್ಷಗಳ ಚಿತ್ರಗಳು ಒಟ್ಟಿಗೇ ಪ್ಯಾರಿಸ್ಸಿಗೆ ಬಂದವು. ‘ದಿ ಮಾಲ್ಟೀಸ್ ಫಾಲ್ಕನ್’, ‘ಡಬಲ್ ಇಂಡೆಮ್ನಿಟಿ’, ‘ಲಾರಾ’ ಮೊದಲಾದವನ್ನು ಸಾಲಾಗಿ ಕಂಡ ವಿಮರ್ಶಕರಿಗೆ ಅವುಗಳಲ್ಲಿ ಒಂದೇ ಬಗೆಯ ಕತ್ತಲು, ಒಂದೇ ಬಗೆಯ ಕಹಿ ಗೋಚರಿಸಿತು. ನೀನೊ ಫ್ರಾಂಕ್ ಆ ವರ್ಷ ಇವನ್ನು ‘ಫಿಲ್ಮ್ ನ್ವಾರ್’ ಎಂದು ಕರೆದ. ಬಿಡಿಬಿಡಿಯಾಗಿ ಬಂದಾಗ ಅಮೆರಿಕನ್ನರಿಗೆ ಕೇವಲ ಪತ್ತೇದಾರಿ ಕತೆಗಳಾಗಿದ್ದವು ಹೀಗೆ ಒಂದು ಪ್ರಕಾರವೇ ಆಗಿ ನಿಂತವು.

1951ರಲ್ಲಿ ಆಂದ್ರೆ ಬಜ಼ಾನ್ ಮತ್ತು ಗೆಳೆಯರು ‘ಕಾಯೇ ದ್ಯು ಸಿನೆಮಾ’ ಪತ್ರಿಕೆ ಆರಂಭಿಸಿದರು. ಅದರಲ್ಲಿ ಬರೆಯುತ್ತಿದ್ದ ತ್ರುಫೊ, ರೊಮೇರ್, ಷಬ್ರೋಲ್, ಗೊದಾರ್ ಎಲ್ಲರೂ ಸಿನೆಮತೇಕ್‌ನಲ್ಲಿ ದಿನಗಟ್ಟಲೆ ಕೂತು ನೋಡಿ ಬೆಳೆದವರು. ಸ್ಟುಡಿಯೊದ ಸಂಬಳಕ್ಕೆ ದುಡಿಯುತ್ತಿದ್ದ ಹಿಚ್‌ಕಾಕ್, ಹೊವಾರ್ಡ್ ಹಾಕ್ಸ್ ಅಂಥವರೂ ಕಾದಂಬರಿಕಾರರಷ್ಟೇ ಸ್ವಂತ ಮುದ್ರೆಯುಳ್ಳ ಕೃತಿಕಾರರು ಎಂಬುದು ಇವರ ವಾದ. ಸಿನಿಮಾವನ್ನು ಹೇಗೆ ನೋಡಬೇಕು ಎಂಬುದಕ್ಕೆ ಬಜ಼ಾನನ ಬರಹಗಳು ಮಾದರಿಯಾದವು. ಆತ ಮತ್ತೆ ಮತ್ತೆ ಚರ್ಚಿಸಿದ ಚಿತ್ರ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ (1941). ಅದರ ಒಂದು ದೃಶ್ಯದಲ್ಲಿ ತಾಯಿ ಮೇಜಿನ ಮುಂದೆ ಕೂತು ಮಗನನ್ನು ಬ್ಯಾಂಕಿನವನ ಸುಪರ್ದಿಗೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುತ್ತಾಳೆ. ನಡುವೆ ತಂದೆ ಗೊಣಗುತ್ತ ನಿಂತಿದ್ದಾನೆ. ತೀರ ಹಿಂದೆ, ಕಿಟಕಿಯ ಚೌಕಟ್ಟಿನೊಳಗೆ, ಏನೂ ತಿಳಿಯದ ಹುಡುಗ ಹಿಮದಲ್ಲಿ ಆಡುತ್ತಿದ್ದಾನೆ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಮೂರೂ ನೆಲೆಗಳನ್ನು ಒಂದೇ ಸ್ಪಷ್ಟತೆಯಲ್ಲಿ ಹಿಡಿದಿದ್ದಾನೆ. ಎಲ್ಲಿ ನೋಡಬೇಕೆಂಬುದು ಪ್ರೇಕ್ಷಕನಿಗೆ ಬಿಟ್ಟದ್ದು. ಮೊದಲ ಸಲ ನೋಡುವವರ ಕಣ್ಣು ಮಾತಿನ ಜೊತೆ ಹೋಗುತ್ತದೆ; ಕತೆ ಗೊತ್ತಿದ್ದವರು ಕಿಟಕಿಯತ್ತ ನೋಡುತ್ತಾರೆ.

ಅಮೆರಿಕದ ಸಾಮಾನ್ಯ ಮನೆಗಳಿಗೆ ಹಳೆಯ ಚಿತ್ರಗಳನ್ನು ತಂದದ್ದು ಟೆಲಿವಿಷನ್. 1946ರಲ್ಲಿ ವಾರಕ್ಕೆ ಸುಮಾರು 9 ಕೋಟಿ ಇದ್ದ ಪ್ರೇಕ್ಷಕರ ಸಂಖ್ಯೆ ಮುಂದಿನ ವರ್ಷಗಳಲ್ಲಿ ಇಳಿಯುತ್ತ ಹೋಯಿತು. ಹಣದ ಮುಗ್ಗಟ್ಟಿಗೆ ಸಿಕ್ಕಿದ ಸ್ಟುಡಿಯೊಗಳು ಉಗ್ರಾಣದ ಬೀಗ ತೆಗೆದವು. 1955ರಲ್ಲಿ ಟೈರು ತಯಾರಿಸುವ ಜನರಲ್ ಟೈರ್ ಕಂಪನಿ 2.5 ಕೋಟಿ ಡಾಲರಿಗೆ ಆರ್‌ಕೆಒ ಸ್ಟುಡಿಯೊವನ್ನು ಕೊಂಡಿತು; ತನ್ನ ಟಿವಿ ಕೇಂದ್ರಗಳಿಗೆ ಚಿತ್ರಗಳು ಬೇಕಿದ್ದವು ಎಂಬುದೇ ಕಾರಣ. 1956ರಲ್ಲಿ ವಾರ್ನರ್ ತನ್ನ ಹಳೆಯ ಚಿತ್ರಗಳನ್ನು 2.1 ಕೋಟಿ ಡಾಲರಿಗೆ ಮಾರಿತು. 1958ರಲ್ಲಿ ಪ್ಯಾರಾಮೌಂಟ್ 5 ಕೋಟಿಗೆ. ನ್ಯೂಯಾರ್ಕಿನ 9ನೇ ಚಾನೆಲ್‌ನ ‘ಮಿಲಿಯನ್ ಡಾಲರ್ ಮೂವಿ’ ಕಾರ್ಯಕ್ರಮ ಒಂದೇ ಚಿತ್ರವನ್ನು ವಾರವಿಡೀ ಮತ್ತೆ ಮತ್ತೆ ತೋರಿಸುತ್ತಿತ್ತು. ಜಾಹೀರಾತಿಗಾಗಿ ಕತ್ತರಿಸಿದ, ಮಸುಕಾದ ಪ್ರತಿಗಳೇ ಆದರೂ ಒಂದು ಚಿತ್ರವನ್ನು ಶಾಟ್ ಶಾಟ್ ಬಾಯಿಪಾಠವಾಗುವಷ್ಟು ನೋಡುವ ಅವಕಾಶ ಮಕ್ಕಳಿಗೂ ದಕ್ಕಿತು. ಮಾರ್ಟಿನ್ ಸ್ಕಾರ್ಸೀಸಿ ಹೀಗೆ ಟಿವಿ ಮುಂದೆ ಕೂತು ಸಿನಿಮಾ ಕಲಿತವರಲ್ಲಿ ಒಬ್ಬ. 1956ರ ನವೆಂಬರಿನಲ್ಲಿ ಸಿಬಿಎಸ್ ವಾಹಿನಿ ತೋರಿಸಿದ ‘ದಿ ವಿಜರ್ಡ್ ಆಫ್ ಆಜ್’ (1939) 1959ರಿಂದ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂತು ನೋಡುವ ಹಬ್ಬವೇ ಆಯಿತು.

ಇದೇ ಕಾಲಕ್ಕೆ ಹಳೆಯ ಚಿತ್ರಗಳನ್ನೇ ಆರಿಸಿ ಹಾಕುವ ಟಾಕೀಸುಗಳು ವಿಶ್ವವಿದ್ಯಾಲಯಗಳ ಅಕ್ಕಪಕ್ಕ ತಲೆಯೆತ್ತಿದವು. ಹಾರ್ವರ್ಡ್ ಪಕ್ಕದ ಬ್ರಾಟಲ್ ಇವುಗಳಲ್ಲಿ ಹೆಸರಾದದ್ದು. ನಾಟಕಶಾಲೆಯಾಗಿದ್ದ ಆ ಕಟ್ಟಡವನ್ನು ಬ್ರಯಂಟ್ ಹ್ಯಾಲಿಡೆ ಮತ್ತು ಸೈರಸ್ ಹಾರ್ವೆ 1953ರಲ್ಲಿ ಸಿನಿಮಾಕ್ಕೆ ಒಗ್ಗಿಸಿದರು. ಅಲ್ಲಿ ಪ್ರೊಜೆಕ್ಟರು ಇರುವುದು ಪ್ರೇಕ್ಷಕರ ಬೆನ್ನಹಿಂದಲ್ಲ, ಪರದೆಯ ಹಿಂದೆ. 1957ರ ಜನವರಿಯಲ್ಲಿ ನಟ ಹಂಫ್ರಿ ಬೊಗಾರ್ಟ್ ತೀರಿಕೊಂಡ. ಆ ವರ್ಷ ಬ್ರಾಟಲ್‌ನಲ್ಲಿ ‘ಕಾಸಾಬ್ಲಾಂಕಾ’ (1942) ಹಾಕಿದಾಗ ವಿದ್ಯಾರ್ಥಿಗಳು ಮುಗಿಬಿದ್ದರು. ಪರೀಕ್ಷೆಯ ದಿನಗಳಲ್ಲಿ ಬೊಗಾರ್ಟ್ ಚಿತ್ರಗಳನ್ನು ಸಾಲಾಗಿ ತೋರಿಸುವುದು ಸಂಪ್ರದಾಯವೇ ಆಯಿತು. ಪರದೆಯ ಮೇಲಿನ ನಟರ ಜೊತೆಗೇ ಇಡೀ ಸಭಾಂಗಣ ಸಂಭಾಷಣೆ ಒಪ್ಪಿಸುತ್ತಿತ್ತು.

ರಸಿಕರ ಜಗಳವೂ ಈ ಸಂಸ್ಕೃತಿಯ ಭಾಗವೇ. ಆಂಡ್ರೂ ಸ್ಯಾರಿಸ್ ಫ್ರೆಂಚರ ಕೃತಿಕಾರ ಸಿದ್ಧಾಂತವನ್ನು ಅಮೆರಿಕಕ್ಕೆ ತಂದು 1962ರಲ್ಲಿ ಅದರ ಬಗ್ಗೆ ಬರೆದ. ಮರುವರ್ಷ ಪಾಲಿನ್ ಕೇಲ್ ಅದನ್ನು ಹರಿತವಾಗಿ ಖಂಡಿಸಿದಳು. ಚಿತ್ರ ಒಬ್ಬನ ಕೃತಿಯೋ ಹಲವರ ದುಡಿಮೆಯೋ ಎಂಬ ಈ ವಾದ ಆಕೆ 1971ರಲ್ಲಿ ‘ನ್ಯೂಯಾರ್ಕರ್’ನಲ್ಲಿ ಬರೆದ ‘ರೈಸಿಂಗ್ ಕೇನ್’ ಪ್ರಬಂಧದಲ್ಲಿ ತಾರಕಕ್ಕೇರಿತು. ‘ಸಿಟಿಜನ್ ಕೇನ್’ ಚಿತ್ರಕಥೆಯ ಹಿರಿಮೆಯನ್ನು ಆಕೆ ಹರ್ಮನ್ ಮ್ಯಾಂಕೆವಿಚ್‌ಗೆ ಸಲ್ಲಿಸಿದ್ದು ವೆಲ್ಸ್‌ನ ಅಭಿಮಾನಿಗಳನ್ನು ಕೆರಳಿಸಿತು. 1968ರಲ್ಲಿ ಸ್ಯಾರಿಸ್ ಪ್ರಕಟಿಸಿದ ‘ದಿ ಅಮೆರಿಕನ್ ಸಿನಿಮಾ’ ನಿರ್ದೇಶಕರನ್ನು ಮೇಲು-ಕೆಳಗೆಂದು ವಿಂಗಡಿಸಿದ ಪುಸ್ತಕ. ಹಳೆಯ ಚಿತ್ರಗಳ ಬೆನ್ನು ಹತ್ತಿದವರಿಗೆ ಅದೊಂದು ಕೈಪಿಡಿಯಾಯಿತು. ಮರುವರ್ಷ ಹೊರಬಂದ ಲೆನರ್ಡ್ ಮಾಲ್ಟಿನ್‌ನ ‘ಟಿವಿ ಮೂವೀಸ್’ ಸಾವಿರಾರು ಚಿತ್ರಗಳಿಗೆ ನಾಲ್ಕಾರು ಸಾಲಿನ ಟಿಪ್ಪಣಿಯನ್ನೂ ನಕ್ಷತ್ರಗಳನ್ನೂ ಕೊಟ್ಟಿತು. ಮಾಲ್ಟಿನ್ ಶಾಲಾದಿನಗಳಲ್ಲೇ ಅಭಿಮಾನಿಗಳ ಪತ್ರಿಕೆಯೊಂದನ್ನು ನಡೆಸುತ್ತಿದ್ದವನು.

ಮರುನೋಟದಿಂದ ಚಿತ್ರದ ಬೆಲೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಮೂರು ಉದಾಹರಣೆ ಸಾಕು. ‘ಸಿಟಿಜನ್ ಕೇನ್’ ಬಿಡುಗಡೆಯಾದಾಗ ಪತ್ರಿಕೋದ್ಯಮಿ ಹರ್ಸ್ಟ್ ತನ್ನ ಪತ್ರಿಕೆಗಳಲ್ಲಿ ಅದರ ಸುದ್ದಿಯೇ ಬಾರದಂತೆ ತಡೆದ. ಗಲ್ಲಾಪೆಟ್ಟಿಗೆಯಲ್ಲಿ ಅದು ಸೋತಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಮಾಡಿಸುವ ಆಯ್ಕೆಯಲ್ಲಿ 1952ರಲ್ಲಿ ಅದಕ್ಕೆ ಮೊದಲ ಹತ್ತರಲ್ಲಿ ಜಾಗವಿರಲಿಲ್ಲ. 1962ರಲ್ಲಿ ಮೊದಲ ಸ್ಥಾನಕ್ಕೇರಿ 2012ರವರೆಗೆ ಅಲ್ಲಿಂದ ಕದಲಲಿಲ್ಲ. ಹಿಚ್‌ಕಾಕ್‌ನ ‘ವರ್ಟಿಗೊ’ಗೆ (1958) ಮೊದಲು ಸಿಕ್ಕಿದ್ದು ಮಿಶ್ರ ವಿಮರ್ಶೆ. ಎಪ್ಪತ್ತರ ದಶಕದಲ್ಲಿ ಅದನ್ನು ಪ್ರದರ್ಶನದಿಂದಲೇ ಹಿಂತೆಗೆದುಕೊಂಡಿದ್ದರು. ಆದರೂ 1982ರಲ್ಲಿ ಪಟ್ಟಿಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, 2012ರಲ್ಲಿ ‘ಕೇನ್’ ಅನ್ನೇ ಕೆಳಗಿಳಿಸಿತು. ಫ್ರ್ಯಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ನ (1946) ಕತೆಯೇ ಬೇರೆ. ನಷ್ಟ ಮಾಡಿದ್ದ ಈ ಚಿತ್ರದ ಹಕ್ಕುಸ್ವಾಮ್ಯವನ್ನು 28 ವರ್ಷ ತುಂಬಿದಾಗ, 1974ರಲ್ಲಿ, ಯಾರೂ ನವೀಕರಿಸಲಿಲ್ಲ. ಟಿವಿ ಕೇಂದ್ರಗಳು ಕ್ರಿಸ್ಮಸ್ ಹೊತ್ತಿಗೆ ಅದನ್ನು ಪುಕ್ಕಟೆಯಾಗಿ ಮತ್ತೆ ಮತ್ತೆ ತೋರಿಸಿದವು. ಹೀಗೆ ಕಡತದ ಮರೆವಿನಿಂದ ಅದು ಅಮೆರಿಕದ ಮನೆಮಾತಾಯಿತು.

ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ವಿಎಚ್‌ಎಸ್ 1976ರಲ್ಲಿ ಬಂದ ಮೇಲೆ ಚಿತ್ರ ಪ್ರೇಕ್ಷಕನ ಕೈಗೇ ಸಿಕ್ಕಿತು. ಟಿವಿಯಿಂದ ಮನೆಬಳಕೆಗೆ ಮುದ್ರಿಸಿಕೊಳ್ಳುವುದು ಅಪರಾಧವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ 5-4 ಬಹುಮತದಿಂದ ತೀರ್ಪು ಕೊಟ್ಟಿತು. ಅದೇ ವರ್ಷ ಕ್ರೈಟೀರಿಯನ್ ಸಂಸ್ಥೆ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ಗಳ ಲೇಸರ್ ಡಿಸ್ಕ್ ಹೊರತಂದಿತು. ‘ಕಿಂಗ್ ಕಾಂಗ್’ ಡಿಸ್ಕಿನಲ್ಲಿ ಚಿತ್ರ ಓಡುತ್ತಿರುವಾಗಲೇ ರೊನಾಲ್ಡ್ ಹೇವರ್ ಅದರ ತಯಾರಿಕೆಯ ವಿವರ ಹೇಳುತ್ತ ಹೋಗುವ ಧ್ವನಿಪಥವಿತ್ತು. ಮುಂದೆ ಡಿವಿಡಿಗಳಲ್ಲಿ ಸಾಮಾನ್ಯವಾದ ವ್ಯಾಖ್ಯಾನದ ಮೂಲ ಇದು.

1986ರಲ್ಲಿ ಎಂಜಿಎಂ ಚಿತ್ರಭಂಡಾರವನ್ನು ಕೊಂಡ ಟೆಡ್ ಟರ್ನರ್ ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಹಚ್ಚಿಸಲು ಹೊರಟಾಗ ನಿರ್ದೇಶಕರೂ ರಸಿಕರೂ ತಿರುಗಿಬಿದ್ದರು. ಆ ಗಲಾಟೆಯ ಫಲವಾಗಿ 1988ರಲ್ಲಿ ಚಿತ್ರಸಂರಕ್ಷಣಾ ಕಾಯಿದೆ ಬಂತು. ಮರುವರ್ಷ ರಾಷ್ಟ್ರೀಯ ಚಿತ್ರಪಟ್ಟಿಗೆ ಮೊದಲ 25 ಚಿತ್ರಗಳು ಸೇರಿದವು. ‘ಕಾಸಾಬ್ಲಾಂಕಾ’, ‘ಸಿಟಿಜನ್ ಕೇನ್’, ‘ವರ್ಟಿಗೊ’ ಮೂರೂ ಅದರಲ್ಲಿದ್ದವು. ಅದೇ ಟರ್ನರ್ 1994ರ ಏಪ್ರಿಲ್ 14ರಂದು ಹಳೆಯ ಚಿತ್ರಗಳಿಗೇ ಮೀಸಲಾದ ಟಿಸಿಎಂ ವಾಹಿನಿ ಆರಂಭಿಸಿ, ಜಾಹೀರಾತಿನ ಅಡ್ಡಿಯಿಲ್ಲದೆ, ಕತ್ತರಿಸದೆ ತೋರಿಸುವ ಏರ್ಪಾಟು ಮಾಡಿದ.

ಭಾರತದಲ್ಲೂ ಈ ಅಭಿರುಚಿಗೆ ಹಳೆಯ ಬೇರಿದೆ. ಸತ್ಯಜಿತ್ ರಾಯ್ ಶಾಲಾ ಹುಡುಗನಾಗಿದ್ದಾಗ ನಟಿ ಡಿಯಾನಾ ಡರ್ಬಿನ್‌ಗೆ ಪತ್ರ ಬರೆದವರು. ಆಮೇಲೆ ಕಲ್ಕತ್ತೆಯ ಟಾಕೀಸುಗಳ ಕತ್ತಲಲ್ಲೇ ನಿರ್ದೇಶಕರ ಕೆಲಸದ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. 1947ರಲ್ಲಿ ಗೆಳೆಯರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಈಗಿನ ಎಂ.ಜಿ. ರಸ್ತೆಯಲ್ಲಿ, 1936ರಲ್ಲಿ ತೆರೆದ ಪ್ಲಾಜಾ ಟಾಕೀಸು ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿತ್ತು. ವ್ಯಾಪಾರಿ ಟಾಕೀಸುಗಳಿಗೆ ಬಾರದ ಚಿತ್ರಗಳನ್ನು ನೋಡಿ ಚರ್ಚಿಸಲು 1971ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತು.

ಇತ್ತೀಚಿನ ದಶಕಗಳ ವಿಮರ್ಶೆ ಹೊಗಳಿಕೆಯಲ್ಲಿ ನಿಲ್ಲುವುದಿಲ್ಲ. ಗುಲಾಮಗಿರಿಯ ಕಾಲವನ್ನು ಸುಂದರವಾಗಿ ಬಣ್ಣಿಸಿದ್ದಕ್ಕಾಗಿ ‘ಗಾನ್ ವಿತ್ ದಿ ವಿಂಡ್’ (1939) ಕಟುಟೀಕೆಗೆ ಗುರಿಯಾಗಿದೆ. 2020ರಲ್ಲಿ ಎಚ್‌ಬಿಒ ಮ್ಯಾಕ್ಸ್ ಅದನ್ನು ಕೆಲವು ದಿನ ತೆಗೆದುಹಾಕಿ, ಚಿತ್ರವಿದ್ವಾಂಸೆ ಜಾಕ್ವೆಲಿನ್ ಸ್ಟುವರ್ಟ್ ಅವರ ಪೀಠಿಕೆಯೊಂದಿಗೆ ಮತ್ತೆ ಹಾಕಿತು. 2022ರ ‘ಸೈಟ್ ಅಂಡ್ ಸೌಂಡ್’ ಆಯ್ಕೆಯಲ್ಲಿ ಮೊದಲ ಸ್ಥಾನ ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್‌ಳ 1975ರ ‘ಝಾನ್ ದೀಲ್ಮನ್’ಗೆ ಹೋಯಿತು. ‘ವರ್ಟಿಗೊ’ ಎರಡನೆಯದಾಗಿ, ‘ಸಿಟಿಜನ್ ಕೇನ್’ ಮೂರನೆಯದಾಗಿ, ‘ಸಿಂಗಿನ್ ಇನ್ ದಿ ರೇನ್’ (1952) ಹತ್ತನೆಯದಾಗಿ ಪಟ್ಟಿಯಲ್ಲಿ ಉಳಿದವು.