ಇಸಿಲಕ್ಕೆ ಬಂದ ಓಲೆ: ಮುಂದಾಳುತನ ಮತ್ತು ಹೊಣೆಗಾರಿಕೆಯ ಒಂದು ಓದು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. 1892ರಲ್ಲಿ ಬಿ.ಎಲ್. ರೈಸ್ ಇದನ್ನೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಪಾಠಗಳನ್ನೂ ಬೆಳಕಿಗೆ ತಂದರು. ಅಂದಿನಿಂದ ಇದನ್ನು ಧರ್ಮದ ದಾಖಲೆಯೆಂದು, ಲಿಪಿಯ ದಾಖಲೆಯೆಂದು ಓದುತ್ತ ಬಂದಿದ್ದೇವೆ. ಪ್ರಸ್ತುತ ಲೇಖನ ಅದನ್ನು ಒಂದು ಕಚೇರಿ ಪತ್ರವೆಂದು ಓದುತ್ತದೆ. ಕಾರಣವಿದೆ. ಇಂದಿನ ಕಂಪನಿಗಳು ತಂಡದ ಮುಖ್ಯಸ್ಥರಿಗೆ ಕೋಚಿಂಗ್ ಕೊಡಿಸುವುದು ಬಹುಪಾಲು ಒಂದೇ ಪ್ರಶ್ನೆಗಾಗಿ: ಮೇಲಿಂದ ಬಂದ ಮಾತು ಕೆಳಗಿನವರ ಸ್ವಂತ ಹೊಣೆಯಾಗುವುದು ಹೇಗೆ? ಬಂಡೆಯ ಮೇಲಿನ ಹದಿಮೂರು ಸಾಲುಗಳಿಗೆ ಎದುರಾದ ತೊಡಕೂ ಇದೇ.

ಪತ್ರದ ದಾರಿ ಸ್ಪಷ್ಟವಾಗಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಎಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಬರೆಯುತ್ತಾರೆ. ಮೊದಲು ಕ್ಷೇಮಸಮಾಚಾರ, ಆಮೇಲೆ ‘ದೇವಾನಾಂಪಿಯ’ ಎಂಬ ಬಿರುದಿನ ಅರಸನ ಆಜ್ಞೆ. ನಮ್ಮ ಹಳೆಯ ಕಾಗದಗಳ ‘ಉಭಯ ಕುಶಲೋಪರಿ’ಯ ಹಾಗೆ. ಆದರೆ ಆಜ್ಞೆ ಶುರುವಾಗುವುದು ಆಜ್ಞೆಯಿಂದಲ್ಲ, ಅರಸನ ತಪ್ಪೊಪ್ಪಿಗೆಯಿಂದ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಅದರಲ್ಲಿ ಒಂದು ವರ್ಷ ಹೆಚ್ಚೇನೂ ಶ್ರಮಪಡಲಿಲ್ಲ, ಬೌದ್ಧ ಸಂಘವನ್ನು ಸಮೀಪಿಸಿದ ಮೇಲಿನ ಒಂದು ವರ್ಷಕ್ಕೂ ಮಿಕ್ಕ ಅವಧಿಯಲ್ಲಷ್ಟೇ ದುಡಿದೆ ಎಂಬುದು ಅದರ ತಾತ್ಪರ್ಯ. ಪರಾಕ್ರಮಕ್ಕೆ ಸಂವಾದಿಯಾದ ‘ಪಕಮ’ ಇಲ್ಲಿ ಯುದ್ಧದ ಪದವಲ್ಲ, ಎಡೆಬಿಡದ ದುಡಿಮೆಯ ಪದ. ಅದರ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ‘ಖುದಕ’ರಿಗೂ, ಎಂದರೆ ಸಣ್ಣವರಿಗೂ ಸಿಗುತ್ತದೆ ಎಂದು ಪತ್ರ ಮುಂದುವರಿಯುತ್ತದೆ. ತನ್ನ ಬಾಕಿಯನ್ನು ಮೊದಲು ಲೆಕ್ಕಕ್ಕಿಟ್ಟು ಆಮೇಲೆ ಉಳಿದವರ ಲೆಕ್ಕ ಕೇಳುವ ಈ ಕ್ರಮವೇ ನನ್ನ ವಾದದ ತಿರುಳು. ಇದು ಅರಸನ ವಿನಯವೋ ರಾಜತಂತ್ರವೋ ಎಂಬ ಚರ್ಚೆ ಬೇರೆ. ಎರಡೂ ಇದ್ದೀತು.

ತಪ್ಪೊಪ್ಪಿಗೆಯೊಂದರಿಂದಲೇ ವ್ಯವಸ್ಥೆ ನಡೆಯದು ಎಂಬುದೂ ಮೌರ್ಯರಿಗೆ ಗೊತ್ತಿತ್ತು. ಕಳಿಂಗದ ಧೌಲಿಯ ಪ್ರತ್ಯೇಕ ಶಾಸನ ನ್ಯಾಯಾಧಿಕಾರಿಗಳು ಗೆಲ್ಲಬೇಕಾದ ದೋಷಗಳನ್ನು ಹೆಸರಿಸುತ್ತದೆ: ಅಸೂಯೆ, ಸಿಡುಕು, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವಿಕೆ, ಆಲಸ್ಯ, ದಣಿವು. ತಿಷ್ಯ ನಕ್ಷತ್ರದ ದಿನ ಅದನ್ನು ಓದಿ ಕೇಳಿಸಬೇಕು, ಐದು ವರ್ಷಕ್ಕೊಮ್ಮೆ ತನಿಖೆಗೆ ಅಧಿಕಾರಿ ಬರುತ್ತಾನೆ. ಇದೇ ಪ್ರತ್ಯೇಕ ಶಾಸನಗಳ ಒಡೆದ ಪಾಠ 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು. ಆಲಸ್ಯದ ಪಕ್ಕದಲ್ಲೇ ದಣಿವನ್ನೂ ಬೇರೆಯಾಗಿ ಎಣಿಸಿದ್ದು ಗಮನಾರ್ಹ. ಇಂದಿನ ವಾರ್ಷಿಕ ಮೌಲ್ಯಮಾಪನದ ನಮೂನೆಗಳಲ್ಲಿ ಈ ವಿವೇಚನೆ ಅಪರೂಪ. ಜಾನ್ ವಿಟ್‌ಮೋರ್ 1992ರ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಪುಸ್ತಕದಲ್ಲಿ ಅರಿವು ಮತ್ತು ಹೊಣೆ ಎಂಬ ಎರಡನ್ನು ಬುನಾದಿಯಾಗಿ ಇಟ್ಟುಕೊಂಡರು. ಹೊಣೆಯನ್ನು ಹೇರಲು ಬರುವುದಿಲ್ಲ, ಅದನ್ನು ಒಬ್ಬ ತಾನಾಗಿ ಎತ್ತಿಕೊಳ್ಳಬೇಕು ಎಂಬುದು ಅವರ ನಿಲುವು. ಮೌರ್ಯರ ಪತ್ರ ಹೇರುತ್ತದೆ, ನಿಜ. ಆದರೆ ಹೇರುವ ಮೊದಲು ತಾನೂ ಹೊತ್ತು ತೋರಿಸುತ್ತದೆ.

ಹೊಣೆಯ ಇದೇ ಪ್ರಶ್ನೆಯೊಂದಿಗೆ, ಬ್ರಹ್ಮಗಿರಿ ಇರುವ ಅದೇ ತಾಲ್ಲೂಕಿನ ಮಗ್ಗದ ಮನೆಗೆ ಬರೋಣ. ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಒಡಲಿಗೊಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬರುವ ಸೀರೆಗೆ ಮೂರು ಲಾಳಿ ಬೇಕು. ಗುಂಡಿಗೆ ಕಾಲಿಳಿಬಿಟ್ಟು ಕೂತ ನೇಕಾರ ಒಡಲಿನ ಲಾಳಿ ಎಸೆಯುತ್ತಾನೆ. ಆಚೆ ಅಂಚಿನ ಲಾಳಿಯನ್ನು ನೋಡಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಇರಬೇಕು, ಹಲವು ವೇಳೆ ಮನೆಯ ಹೆಂಗಸೇ. ಒಬ್ಬರ ಎಳೆತ ಸಡಿಲವಾದರೆ ಅಂಚು ಒಡಲಿಗೆ ಕೂಡುವಲ್ಲಿ ಸುಕ್ಕು ಬೀಳುತ್ತದೆ. ತಪ್ಪು ಯಾರದೆಂದು ಮಗ್ಗದ ಮುಂದೆ ಕೂತ ಇಬ್ಬರಿಗೂ ಆ ಕ್ಷಣದಲ್ಲೇ ತಿಳಿಯುತ್ತದೆ, ಮಾತು ಬೇಕಾಗುವುದಿಲ್ಲ. ಮೂರನೆಯವರಾದ ಮಾಲೀಕರಿಗೆ ಗೊತ್ತಾಗುವುದು ಸೀರೆ ಮಡಿಕೆ ಬಿಚ್ಚಿದ ಮೇಲೆ. ಹೊಣೆ ಹುಟ್ಟುವ ಜಾಗವೂ ಅದನ್ನು ಕೇಳುವ ಜಾಗವೂ ಬೇರೆ ಬೇರೆಯಾದಾಗ ಕೂಲಿ ಕಡಿತವೊಂದೇ ಭಾಷೆಯಾಗಿ ಉಳಿಯುತ್ತದೆ. ಆ ಲೆಕ್ಕದಲ್ಲಿ ಪಕ್ಕದಲ್ಲಿ ಕೂತವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಚಳ್ಳಕೆರೆಯ ಕಡಲೆಕಾಯಿ ವಹಿವಾಟಿನಲ್ಲಿ ಚೀಲ ಹೊತ್ತವರು, ತೂಗಿದವರು, ಬರೆದವರು ಬೇರೆ ಬೇರೆಯಾದರೂ ತಕರಾರು ಬಂದಾಗ ಬಿಚ್ಚಿ ನೋಡಲು ತೂಕದ ಚೀಟಿಯಾದರೂ ಇರುತ್ತದೆ. ಸೀರೆಗೆ ಊರಿನ ಹೆಸರಿದೆ, ನೇಯ್ದವರದಿಲ್ಲ.

ಈ ದೃಷ್ಟಿಯಿಂದ ಬ್ರಹ್ಮಗಿರಿ ಶಾಸನದ ಕೊನೆ ಕುತೂಹಲಕರ. ಅಶೋಕನೆಂಬ ಹೆಸರು ಅದರಲ್ಲಿಲ್ಲ, ಬಿರುದು ಮಾತ್ರ ಇದೆ. (ಹೆಸರು ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ.) ಆರ್ಯಪುತ್ರನ ಹೆಸರಿಲ್ಲ, ಎರಡೂ ಊರಿನ ಮಹಾಮಾತ್ರರ ಹೆಸರಿಲ್ಲ. ಇಡೀ ಪಾಠದಲ್ಲಿ ಕಾಣುವ ಒಂದೇ ವ್ಯಕ್ತಿನಾಮ ಚಪಡ, ಅದನ್ನು ಬರೆದ ಲಿಪಿಕಾರ. ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದುಕೊಂಡು ಬಂದವನು ‘ಲಿಪಿಕರೇಣ’ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.